ಜೂನ್ ಒಂದರಂದು ಹುಟ್ಟಿದವರು

ನನ್ನ ತಮ್ಮ ಜಗನ್ ಇದಾನಲ್ಲ, ಅವನು ನನ್ನ ಕೆಲಸಕ್ಕೆ ಇಟ್ಟಿರೋ ಹೆಸರು 'ಡೈನೋಸಾರ್ ಮೇಯ್ಸೋದು'. ಅವನ ವಾರಿಗೆಯವರೆಲ್ಲ ಜಾವಾ, ಡಾಟ್ ನೆಟ್ ಅಂತ ಕುಣೀತಿದ್ದಾಗ, ನಾನು ಸರ್ಕಾರದ ಮೇನ್‌ಫ್ರೇಮ್ ಅನ್ನೋ ಹಳೇ ದೊಡ್ಡ ಕಂಪ್ಯೂಟರಲ್ಲಿ ಅವನು ಹುಟ್ಟೋಕೆ ಮುಂಚೆ ಯಾರೋ ಬರೆದಿಟ್ಟ ಕೋಬಾಲ್ ಪ್ರೋಗ್ರಾಮುಗಳಿಗೆ ತೇಪೆ ಹಾಕ್ಕೊಂಡಿದ್ದೆ. ಪದವಿ ಮಾತ್ರ ದೊಡ್ಡದು, ಪ್ರೋಗ್ರಾಮರ್ ಅನಲಿಸ್ಟ್ ವರಲಕ್ಷ್ಮಿ ಅಂತ.

"ಅಣಕಿಸ್ಕೋ ಹೋಗೋ," ಅಂತಿದ್ದೆ ನಾನು. "ನಿಮ್ಮ ಹೊಸ ಸಾಫ್ಟ್‌ವೇರು ವಾರಕ್ಕೆರಡು ಸಲ ಮಕಾಡೆ ಮಲಗುತ್ತೆ. ನನ್ನ ಡೈನೋಸಾರು ಎಂಬತ್ನಾಲ್ಕರಿಂದ ಒಂದು ಸೀನೂ ಸೀನಿಲ್ಲ."

ಹಂಗೆ ಹೇಳ್ಕೊಳ್ಳೋದರಲ್ಲಿ ನನಗೆ ಎಷ್ಟು ಜಂಬ ಇತ್ತು ಅಂತೀರಿ! ಮೆಷಿನ್ ಇದ್ದಿದ್ದು ಬೆಂಗಳೂರಲ್ಲಿ, ಮೈ ನಡುಗೋಷ್ಟು ಏಸಿ ಹಾಕಿದ ರೂಮಲ್ಲಿ. ಅದನ್ನ ಕಾಯೋಕೆ ಆಪರೇಟರ್ ಬೀರೇಶ್. ಎರಡು ಸಾವಿರದ ಏಳರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಹೊಸ ಜಿಲ್ಲೆ ಆಯ್ತಲ್ಲ, ಆಗ ಹೊಸ ಜಿಲ್ಲೆಯವರ ದಾಖಲೆಯನ್ನೆಲ್ಲ ಹಳೇ ಜಿಲ್ಲೆಯಿಂದ ಬೇರೆ ಮಾಡೋರು ಒಬ್ಬರು ಬೇಕಾದ್ರು. "ನಿಮ್ಮೂರು ಜಂಗಮಕೋಟೆ ತಾನೆ, ನೀವೇ ಹೋಗಿ," ಅಂದ್ರು ಸಾಹೇಬ್ರು. ಚಿಕ್ಕಬಳ್ಳಾಪುರದ ಶಿಕ್ಷಣ ಇಲಾಖೆ ಆಫೀಸಲ್ಲಿ ನನಗೊಂದು ರೂಮು, ಹಸಿರು ಅಕ್ಷರದ ಒಂದು ಟರ್ಮಿನಲ್ಲು, ಬೆಂಗಳೂರಿನ ಮೆಷಿನ್ನಿಗೆ ಒಂದು ಲೈನು, ಓಡಿದ್ರೆ ಬೀದಿಗೆಲ್ಲ ಕೇಳಿಸೋ ಒಂದು ಪ್ರಿಂಟರು. ಮನೇಲಿ ರೊಟ್ಟಿ ತಿಂದು ಬಸ್ ಹತ್ತೋದು, ಸಂಜೆ ಮನೆಗೆ ಬರೋದು. ನನಗೆ ಅದೇ ಸ್ವರ್ಗ.

ಆದ್ರೂ ಒಂದು ಮಾತು ಹೇಳ್ಬಿಡ್ತೀನಿ. ನನಗೆ ಆಸೆ ಇದ್ದಿದ್ದು ಟೀಚರ್ ಆಗೋಕೆ. ತೊಂಬತ್ತೈದರಲ್ಲಿ, ಪಿಯುಸಿ ಮುಗಿಸಿ, ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದೆ. ನಮ್ಮ ದೊಡ್ಡಪ್ಪನ ಮಗಳೂ ಹಾಕಿದ್ಲು. ಅವಳಿಗೆ ಸೀಟು ಸಿಕ್ತು, ಈಗ ಗೌರಿಬಿದನೂರಲ್ಲಿ ಮೇಡಂ. ನನ್ನ ಹೆಸರು ಬೋರ್ಡಲ್ಲಿ ಬರಲೇ ಇಲ್ಲ. ಮಗಳ ಮೇಲೆ ಭರವಸೆಯಿಂದ ಅಪ್ಪ ಮೊದಲೇ ಶಿಡ್ಲಘಟ್ಟದಲ್ಲಿ ಜಹಾಂಗೀರ್ ಕಟ್ಟಿಸ್ಕೊಂಡಿದ್ರು. ಆ ಪೊಟ್ಟಣ ಬಿಚ್ಚಲೇ ಇಲ್ಲ, ಹಂಗೇ ತಗೊಂಡೋಗಿ ದೊಡ್ಡಪ್ಪನ ಮನೇಲಿ ಕೊಟ್ಟು ಬಂದ್ರು. "ಹಣೇಲಿ ಬರೆದಿಲ್ಲ ಬಿಡಮ್ಮ," ಅಂದ್ರು. ನಾನು ದಡ್ಡಿ, ಅದಕ್ಕೇ ಸಿಗಲಿಲ್ಲ ಅಂತ ಒಪ್ಕೊಂಡು, ಚಿಂತಾಮಣೀಲಿ ಕಂಪ್ಯೂಟರ್ ಕ್ಲಾಸಿಗೆ ಸೇರ್ಕೊಂಡೆ.

ಇರಲಿ. ಎರಡು ಸಾವಿರದ ಎಂಟರ ಆ ಶನಿವಾರಕ್ಕೆ ಬರ್ತೀನಿ.

ಬೆಳಿಗ್ಗೆ ನಾನಿನ್ನೂ ಬ್ಯಾಗ್ ಕೆಳಗಿಟ್ಟಿರಲಿಲ್ಲ, ಇಬ್ಬರು ಹುಡುಗೀರು ಬಾಗಿಲು ತಳ್ಕೊಂಡು ಒಳಗೆ ನುಗ್ಗಿದ್ರು. ಹಿಂದೇನೇ ನಮ್ಮ ಸೂಪರಿಂಟೆಂಡೆಂಟ್ ರಾಮಾಂಜಿನಪ್ಪನವರು, "ಏಯ್, ಒಳಗೆ ಹೋಗಂಗಿಲ್ಲ, ನಿಲ್ರಮ್ಮ!" ಅಂತ ಕೂಗ್ತಾ ಬಂದ್ರು.

"ಕಂಪ್ಯೂಟರ್ ಮೇಡಂ ಯಾರು?" ಅಂದ್ಲು ಮುಂದಿದ್ದೋಳು. ಆಳು ಸಣ್ಣ, ಕಣ್ಣು ಕೆಂಡ.

"ನಾನೇ. ಏನಮ್ಮ?"

"ನಾನು ಇದೀನಾ ಇಲ್ವಾ, ನೋಡಿ ಹೇಳಿ."

ನಾನು ರಾಮಾಂಜಿನಪ್ಪನವರ ಮುಖ ನೋಡಿದೆ. ಅವರು ಉಸಿರು ಬಿಟ್ಟು ವಿಷಯ ಹೇಳಿದ್ರು. ಆ ವರ್ಷದ ಶಿಕ್ಷಕರ ತರಬೇತಿ ಸೀಟಿನ ತಾತ್ಕಾಲಿಕ ಪಟ್ಟಿ ಹಿಂದಿನ ದಿನ ಅಂಟಿಸಿದ್ರು. ಅದರಲ್ಲಿ ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯ ಕೆ. ಮಂಗಮ್ಮ ಅಂತ ಒಂದೇ ಹೆಸರು. ಅರ್ಜಿ ಮಾತ್ರ ಎರಡು. ಒಬ್ಬಳೇ ಎರಡು ಸಲ ಅರ್ಜಿ ಹಾಕಿದಾಳೆ ಅಂತ ಕಂಪ್ಯೂಟರು ಎರಡನೇದನ್ನ ಡೂಪ್ಲಿಕೇಟ್ ಅಂತ ಎತ್ತಿ ಬಿಸಾಕಿತ್ತು. ಕೊನೇ ಪಟ್ಟಿ ಅವತ್ತೇ ಸಂಜೆ ನಾಲ್ಕಕ್ಕೆ ಹೋಗಬೇಕು.

"ನಾವಿಬ್ಬರೂ ಮಂಗಮ್ಮಾನೇ ಮೇಡಂ," ಅಂದ್ಲು ಇನ್ನೊಬ್ಬಳು, ಎತ್ತರದೋಳು. "ಇವಳು ಕೋನಪ್ಪ ಚಿಕ್ಕಪ್ಪನ ಮಗಳು, ನಾನು ಕೊಂಡಪ್ಪನ ಮಗಳು. ಅಜ್ಜಿ ಹೆಸರು ಮಂಗಮ್ಮ. ಅಣ್ಣತಮ್ಮ ಇಬ್ಬರೂ ತಾಯಿ ಹೆಸರು ಬಿಟ್ಕೊಡ್ಲಿಲ್ಲ. ಮನೇಲಿ ನಾನು ದೊಡ್ಡಮಂಗಿ, ಇವಳು ಚಿಕ್ಕಮಂಗಿ."

ನಮ್ಮ ಕಡೆ ಇದೇನು ಹೊಸದಲ್ಲ ಬಿಡಿ. ಅಜ್ಜ ಅಜ್ಜಿ ಹೆಸರನ್ನ ಎಲ್ಲ ಮಕ್ಕಳ ಮನೇಲೂ ಇಡ್ತಾರೆ. ಒಂದು ಮನೆ ಮುಂದೆ ನಿಂತು ಕೂಗಿದ್ರೆ ಮೂರು ಮನೆಯಿಂದ ಓಗೊಡ್ತಾರೆ. ಆದ್ರೆ ನನಗೆ ನನ್ನ ಮೆಷಿನ್ ಮೇಲೆ ಬಂದ ಮಾತು ಸಹಿಸೋಕಾಗಲ್ಲ.

"ಮೆಷಿನ್ ಸುಳ್ಳು ಹೇಳಲ್ಲಮ್ಮ," ಅಂದೆ ಗಡುಸಾಗಿ. "ಎಲ್ಲೋ ನೀವೇ ಎಡವಟ್ಟು ಮಾಡ್ಕೊಂಡಿರ್ತೀರ."

ಚಿಕ್ಕಮಂಗಿ ನನ್ನ ಕೈ ಹಿಡ್ಕೊಂಡು ತನ್ನ ತೋಳಿನ ಮೇಲೆ ಇಟ್ಕೊಂಡ್ಲು. "ಹಂಗಾದ್ರೆ ನಾನೇ ಸುಳ್ಳಾ? ಮುಟ್ಟಿ ನೋಡಿ ಮೇಡಂ. ಈ ಸೀಟು ಸಿಕ್ಕಿದ್ರೆ ಓದು, ಇಲ್ಲಾಂದ್ರೆ ಸೋಮವಾರದಿಂದ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬಿಚ್ಚೋಕೆ ಹೋಗು ಅಂದಿದಾರೆ ನಮ್ಮಪ್ಪ. ಬಿಸಿನೀರಲ್ಲಿ ಕೈ ಅದ್ದೋದೇನು ನನಗೆ ಗೊತ್ತಿಲ್ದೇ ಇರೋದಲ್ಲ, ರಜದಲ್ಲೆಲ್ಲ ಅದೇ ಮಾಡಿದೀನಿ. ಆದ್ರೆ ಮೋಸ ಮಾಡಿದ್ಲು ಅನ್ನಿಸ್ಕೊಂಡು ಹೋಗಲ್ಲ."

"ಅವಳಿಗಿಲ್ಲ ಅಂದ್ರೆ ನನ್ನ ಹೆಸರೂ ಹೊಡೆದಾಕ್ಬಿಡಿ," ಅಂದ್ಲು ದೊಡ್ಡಮಂಗಿ. "ಒಂದೇ ಪುಸ್ತಕದಲ್ಲಿ ಓದಿರೋರು ನಾವು."

ಬೆಚ್ಚಗಿನ ಜೀವಂತ ತೋಳು ನನ್ನ ಕೈ ಕೆಳಗಿತ್ತು. ಸುಮ್ನೆ ಕೂತು ಪ್ರೋಗ್ರಾಮ್ ತೆಗೆದೆ.

ಉದ್ದಕ್ಕೆ ಇಳಿದಿಳಿದು ಹೋದೆ. ಸಿಕ್ತು. ಹೆಸರು, ತಂದೆ ಹೆಸರಿನ ಮೊದಲಕ್ಷರ, ಊರು, ಹುಟ್ಟಿದ ತಾರೀಖು, ಈ ನಾಲ್ಕೂ ಒಂದೇ ಆದ್ರೆ ಇಬ್ಬರಲ್ಲ, ಒಬ್ಬರೇ. ಆಮೇಲೆ ಬಂದ ಅರ್ಜಿ ಬಿಸಾಕು. ಅದರ ಮೇಲುಗಡೆ ಪ್ರೋಗ್ರಾಮ್ ಬರೆದ ಪುಟ್ಟಸ್ವಾಮಯ್ಯನವರ ಒಂದು ಟಿಪ್ಪಣಿ: 'ಇದನ್ನು ಯಾರೂ ಮುಟ್ಟಬಾರದು'.

"ಇಬ್ಬರದ್ದೂ ಒಂದು, ಆರು, ಎಂಬತ್ತೆಂಟು ಅಂತಿದೆಯಲ್ಲ," ಅಂದೆ. "ಒಂದೇ ದಿನ ಹುಟ್ಟಿದ್ರಾ?"

ಅಷ್ಟು ಸಿಟ್ಟಲ್ಲೂ ಇಬ್ಬರೂ ಕಿಸಕ್ಕಂತ ನಕ್ರು. "ಎಲ್ಲಿ ಮೇಡಂ! ನಾನು ಹುಟ್ಟಿದ್ದು ಗೌರಿ ಹಬ್ಬಕ್ಕೆ, ಇವಳು ಸಂಕ್ರಾಂತಿ ಕಳೆದು," ಅಂದ್ಲು ದೊಡ್ಡಮಂಗಿ. "ಅದು ಸ್ಕೂಲಲ್ಲಿ ಬರ್ಕೊಂಡಿದ್ದು."

ಅಯ್ಯೋ ಶಿವನೇ! ತಪ್ಪು ಎಲ್ಲಿದೆ ಅಂತ ಸಿಕ್ಕಾಗ ಆಗೋ ಖುಷಿ ಈ ಕೆಲಸ ಮಾಡೋರಿಗೇ ಗೊತ್ತು, ಕಳೆದುಹೋದ ಓಲೆ ಹಿತ್ತಲಲ್ಲಿ ಮಿಂಚಿದಂಗೆ. ಅರ್ಜೀಲಿ ಎಸ್ಸೆಸ್ಸೆಲ್ಸಿ ನೋಂದಣಿ ನಂಬರ್ ಇದೆ. ಅದು ಒಬ್ಬೊಬ್ಬರಿಗೆ ಒಂದೊಂದು, ಯಾವತ್ತೂ ಎರಡಾಗಲ್ಲ. ಆದ್ರೆ ಪ್ರೋಗ್ರಾಮು ಅದನ್ನ ಕೇಳೋದೇ ಇಲ್ಲ! ಒಂದು ಸಾಲು ಸೇರಿಸಿದ್ರೆ ಮುಗೀತು.

"ಸಾರ್, ಅರ್ಧ ಗಂಟೆ ಕೊಡಿ," ಅಂತ ಎದ್ದೇಬಿಟ್ಟೆ.

ರಾಮಾಂಜಿನಪ್ಪನವರು ಎರಡೂ ಕೈ ಅಡ್ಡ ಹಿಡಿದ್ರು. "ಮುಟ್ಟಬಾರದು ಅಂತ ಬರೆದಿಲ್ವೇನಮ್ಮ? ಅದನ್ನ ಕಿತ್ತು, ರಾಜ್ಯದ ಪಟ್ಟಿಯೆಲ್ಲ ತಲೆಕೆಳಗಾದ್ರೆ ನನ್ನ ತಲೆಗೆ ಬರುತ್ತೆ. ಬರೆದೋರೇ ಬಂದು ಮುಟ್ಟು ಅನ್ನಲಿ. ಇವರಿಬ್ಬರೂ ಬೇರೆ ಬೇರೆ ಅಂತ ಶಾಲೆಯೋರು ಬಂದು ಹೇಳಲಿ. ನಾಲ್ಕರ ಒಳಗೆ. ಇಲ್ಲಾಂದ್ರೆ ಪಟ್ಟಿ ಹಿಂಗೇ ಹೋಗುತ್ತೆ."

ಮೈ ಉರಿದೋಯ್ತು ನನಗೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತಾರಲ್ಲ, ಆ ಪೈಕಿ ಜನ! ಇಬ್ಬರು ಹುಡುಗೀರು ಕಣ್ಮುಂದೆ ನಿಂತಿದಾರೆ, ಇವರಿಗೆ ಸಾಕ್ಷಿ ಬೇಕಂತೆ. ಆದ್ರೆ ಐದು ನಿಮಿಷಕ್ಕೆ ಮುಂಚೆ ನಾನೂ ಅದನ್ನೇ ಅಂದಿದ್ನಲ್ಲ ಅಂತ ನೆನಪಾಗಿ ಬಾಯಿ ಮುಚ್ಕೊಂಡೆ. ಪುಟ್ಟಸ್ವಾಮಯ್ಯನವರು ರಿಟೈರಾಗಿ ಚಿಂತಾಮಣೀಲಿ ಇದ್ರು. ಫೋನ್ ಮಾಡಿದೆ, ರಿಂಗಾಯ್ತು, ಎತ್ತಲಿಲ್ಲ.

"ನಡೀರೇ," ಅಂದೆ ಹುಡುಗೀರಿಗೆ. "ಹೋಗಿ ಹಿಡ್ಕೊಂಡೇ ಬರಣ."

ಶಿಡ್ಲಘಟ್ಟದ ಮೇಲೆ ಚಿಂತಾಮಣಿ ಬಸ್ಸು. ಚಿಂತಾಮಣಿ ಸಂತೆ ಬಾಗಿಲಲ್ಲಿ ಟೊಮೇಟೊ ಲಾರಿಗಳು ಅಡ್ಡಡ್ಡ ನಿಂತು ಬಸ್ಸು ಅಲುಗಾಡಲಿಲ್ಲ. ಕಂಡಕ್ಟರು ಮೂರು ಭಾಷೇಲಿ ಲಾರಿಯೋರನ್ನ ಬೈದ. ನಾವು ಮೂವರೂ ಧುಮುಕಿ, ಕ್ರೇಟುಗಳ ಸಂದೀಲಿ ಓಡಿದ್ವಿ. ಸೀರೆ ನೆರಿಗೆ ಕೈಲಿ ಹಿಡ್ಕೊಂಡು ಓಡೋ ಸರ್ಕಾರಿ ಅಧಿಕಾರಿಯನ್ನ ಚಿಂತಾಮಣಿ ಅವತ್ತೇ ನೋಡಿದ್ದು ಅನ್ಸುತ್ತೆ. "ಏಮ್ಮಾ, ಎವುರು ತರಿಮೇದಿ?" ಅಂತ ಒಬ್ಬ ಹಮಾಲಿ ಕೂಗಿದ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲಪ್ಪ, ನಾವೇ ಅಟ್ಟಿಸ್ಕೊಂಡು ಹೋಗ್ತಿದೀವಿ ಅಂದೆ.

ಪುಟ್ಟಸ್ವಾಮಯ್ಯನವರು ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ರು. ತೆಳ್ಳಗೆ, ನೀಟಾಗಿ, ಪಂಚೆಗೂ ಇಸ್ತ್ರಿ. ನಾನು ಇಂಥೋಳು ಅಂದೆ. ನಿಮ್ಮ ಪ್ರೋಗ್ರಾಮನ್ನ ಈಗ ನಾನೇ ನೋಡ್ಕೊಳ್ಳೋದು ಅಂದೆ. ಮುಖ ಅರಳ್ತು.

"ಇನ್ನೂ ಓಡ್ತಿದೆಯಾ?"

"ಓಡ್ತಿದೆ ಸಾರ್. ಇವಳ ಮೇಲೇ ಓಡ್ತಿದೆ," ಅಂತ ಚಿಕ್ಕಮಂಗಿಯನ್ನ ಮುಂದೆ ತಳ್ಳಿದೆ.

ಕಥೆ ಕೇಳಿ ಅವರು ತಲೆ ಅಲ್ಲಾಡಿಸಿದ್ರು. "ಸಾಧ್ಯವೇ ಇಲ್ಲ. ಒಂದೇ ಹೆಸರು ಇರಬಹುದು, ಒಂದೇ ಊರು ಇರಬಹುದು. ಜೊತೆಗೆ ಒಂದೇ ದಿನಾನೂ ಹುಟ್ಟಿದಾರೆ ಅಂದ್ರೆ ನಂಬೋಕೆ ನಾನೇನು ಹುಚ್ಚನಾ? ವರ್ಷಕ್ಕೆ ಎಷ್ಟು ದಿನ ಇದೆ ಲೆಕ್ಕ ಹಾಕಮ್ಮ. ಎರಡೆರಡು ಅರ್ಜಿ ಹಾಕಿ ಸೀಟು ಹೊಡೆಯೋರನ್ನ ಹಿಡಿಯೋಕೆ ನಾನು ಹೂಡಿದ ಬಲೆ ಅದು. ಇದುವರೆಗೂ ಎಷ್ಟು ಕಳ್ಳರನ್ನ ಹಿಡಿದಿದೆ ಗೊತ್ತಾ?"

"ನಾನು ಕಳ್ಳಿ ಅಲ್ಲ!" ಅಂತ ಚಿಕ್ಕಮಂಗಿ ಕಿರುಚಿದ್ಲು.

ಆ ಸದ್ದಿಗೆ ಒಳಗಿಂದ ಅವರ ಹೆಂಡತಿ ಕಮಲಮ್ಮನವರು ಸೌಟು ಹಿಡ್ಕೊಂಡೇ ಆಚೆ ಬಂದ್ರು. ಹುಡುಗೀರನ್ನ ನೋಡಿ ಸೌಟು ಕೆಳಗಿಟ್ಟು, "ಮಂಗೀ? ಎರಡೂ ಮಂಗಗಳೂ ಬಂದಿದೀರೇನ್ರೇ!" ಅಂದ್ರು.

"ಮಿಸ್!" ಅಂತ ಇಬ್ಬರೂ ಹೋಗಿ ತಬ್ಕೊಂಡ್ರು.

ಈ ಕಮಲಮ್ಮನವರೇ ಆ ಹಳ್ಳಿ ಶಾಲೇಲಿ ಹೆಡ್ ಮಿಸ್ ಆಗಿದ್ದೋರಂತೆ. ಚಿಂತಾಮಣಿಯಿಂದ ದಿನಾ ಬಸ್ಸಲ್ಲಿ ಹೋಗಿ ಬರ್ತಿದ್ರಂತೆ. "ಅಮ್ಮಾ, ಇವರಿಬ್ಬರನ್ನ ಶಾಲೆಗೆ ಸೇರಿಸ್ಕೊಂಡೋರು ಯಾರು?" ಅಂದೆ.

"ನಾನೇ."

"ಜೂನ್ ಒಂದು ಅಂತ ಬರೆದೋರು?"

"ಅದೂ ನಾನೇ," ಅಂದ್ರು ಕಮಲಮ್ಮ, ಅದರಲ್ಲೇನು ವಿಶೇಷ ಅನ್ನೋ ಹಂಗೆ. "ಇನ್ನೇನ್ ಬರೀಲಿ? ಯಾವಾಗ ಹುಟ್ಟಿದ್ಲಮ್ಮ ಅಂದ್ರೆ, 'ಆಲಿಕಲ್ಲು ಬಿದ್ದು ಹಿಪ್ಪುನೇರಳೆ ಹೋಯ್ತಲ್ಲ ಮಿಸ್ಸಮ್ಮ, ಅದರ ಮಾರನೇ ದಿನ' ಅಂತಾರೆ. ಆಲಿಕಲ್ಲಿನ ತಾರೀಖು ನಾನೆಲ್ಲಿಂದ ತರಲಿ? ಶಾಲೆ ಶುರುವಾಗೋದು ಜೂನ್ ಒಂದಕ್ಕೆ. ಅವತ್ತಿಗೆ ವಯಸ್ಸು ಸರಿಯಾಗಿ ತುಂಬಬೇಕು. ಜೂನ್ ಒಂದು ಅಂತ ಹಾಕೋದು. ನಾನೊಬ್ಬಳೇ ಅಲ್ಲ, ಎಲ್ಲ ಮೇಷ್ಟ್ರುಗಳೂ ಹಂಗೇ."

"ಎಲ್ಲ ಮಕ್ಕಳಿಗೂನಾ?" ಅಂದ್ರು ಪುಟ್ಟಸ್ವಾಮಯ್ಯ.

"ಹೂಂ ರೀ. ಮನೆ ತುಂಬ ಮಕ್ಕಳಿದ್ರೆ ಎಲ್ಲಕ್ಕೂ ಜೂನ್ ಒಂದೇ. ಯಾಕೆ?"

ಅವರು ಪೇಪರ್ ಮಡಿಸಿದ್ರು, ಬಿಚ್ಚಿದ್ರು, ಮತ್ತೆ ಮಡಿಸಿದ್ರು. "ಕಮಲೂ, ಇಷ್ಟು ವರ್ಷ ನೀನು ಹಗಲೆಲ್ಲ ಸೇರಿಸ್ತಿದ್ದ ಮಕ್ಕಳನ್ನ ನಾನು ಆಫೀಸಲ್ಲಿ ಕೂತು ಕಳ್ಳರು ಅಂತ ತೆಗೆದಾಕ್ತಿದ್ದೆನೇನೇ?"

"ನೀವು ಕೇಳಿದ್ರೆ ತಾನೆ ನಾನು ಹೇಳೋದು? ಮನೇಲಿ ಎಂದಾದ್ರೂ ಆಫೀಸಿನ ಮಾತಾಡಿದೀರಾ?"

ದೀಪದ ಕೆಳಗೇ ಕತ್ತಲು ಅಂತಾರಲ್ಲ, ಇದಪ್ಪ! ಒಂದೇ ಸೂರಿನ ಕೆಳಗೆ ಒಬ್ಬರು ತಾರೀಖು ಹುಟ್ಟಿಸೋರು, ಇನ್ನೊಬ್ಬರು ಅದನ್ನ ನಂಬಿ ಜನರನ್ನ ಅಳಿಸೋರು. ನನಗೆ ನಗು ತಡೆಯೋಕಾಗಲಿಲ್ಲ. ಪುಟ್ಟಸ್ವಾಮಯ್ಯ ಮಾತ್ರ ನಗಲಿಲ್ಲ. ಚಿಕ್ಕಮಂಗಿ ಮುಂದೆ ಹೋಗಿ ನಿಂತು, "ತಪ್ಪಾಯ್ತು ಕಣಮ್ಮ," ಅಂದ್ರು, ಮೊಮ್ಮಗಳಿಗೆ ಹೇಳೋ ಥರ. ಆಮೇಲೆ ಒಳಗೆ ಹೋಗಿ ಶರ್ಟ್ ಹಾಕ್ಕೊಂಡು ಬಂದ್ರು. "ನಡೀರಿ."

ಪಕ್ಕದ ಮನೆ ಬಾಷಾ ಅವರ ಓಮ್ನಿ ಸಿಕ್ತು. ಕಮಲಮ್ಮ ಮುಂದಿನ ಸೀಟಲ್ಲಿ ಕೂತು, "ಇನ್ನೂ ಜೋರಾಗಿ ಬಿಡಪ್ಪ ಬಾಷಾ," ಅಂತ ದಾರಿಯುದ್ದಕ್ಕೂ ಹೇಳ್ತಿದ್ರು. ಪುಟ್ಟಸ್ವಾಮಯ್ಯನವರು ನನ್ನ ಪಕ್ಕ ಕೂತು ಆ ಸಾಲು ಹೆಂಗೆ ಸೇರಿಸಬೇಕು ಅಂತ ಗಾಳೀಲಿ ಬೆರಳಾಡಿಸಿ ಬರೀತಿದ್ರು. ನನಗೆ ಅಷ್ಟೂ ಗೊತ್ತಿತ್ತು, ಆದ್ರೂ ಹೂಂ ಹೂಂ ಅಂದೆ. ಪಾಪ, ಆ ಸಂತೋಷ ಯಾಕೆ ತಪ್ಪಿಸಲಿ.

ಆಫೀಸಿಗೆ ಬಂದಾಗ ಗಂಟೆ ಮೂರು ಹೊಡೆದಿತ್ತು. ರಾಮಾಂಜಿನಪ್ಪನವರು ಇಷ್ಟು ಜನರನ್ನ ನೋಡಿ ಕುರ್ಚಿಯಿಂದ ಎದ್ರು. ಪುಟ್ಟಸ್ವಾಮಯ್ಯ, "ಮುಟ್ಟಬಾರದು ಅಂತ ಬರೆದೋನು ನಾನೇ, ಮುಟ್ಟಿ ಅಂತ ಹೇಳ್ತಿರೋನೂ ನಾನೇ," ಅಂದ್ರು. ಕಮಲಮ್ಮ, ಇವರಿಬ್ಬರನ್ನೂ ಕೈ ಹಿಡಿದು ಅಕ್ಷರ ತಿದ್ದಿಸಿದ್ದು ನಾನು ಅಂದ್ರು. ಆದ್ರೂ ರಾಮಾಂಜಿನಪ್ಪನವರಿಗೆ ಅನುಮಾನ. "ಅದೆಂಗಮ್ಮ, ಎಲ್ಲರೂ ಜೂನ್ ಒಂದಕ್ಕೇ ಹುಟ್ಟೋಕಾಗುತ್ತೆ?"

"ನಿಮ್ಮ ಹುಟ್ಟಿದ ದಿನ ಯಾವತ್ತಪ್ಪ, ಸರ್ವೀಸ್ ರಿಜಿಸ್ಟರ್ ಪ್ರಕಾರ?" ಅಂದ್ರು ಕಮಲಮ್ಮ.

ರಾಮಾಂಜಿನಪ್ಪನವರು ಕಿಟಕಿ ಕಡೆ ನೋಡಿದ್ರು. "...ಜೂನ್ ಒಂದು."

"ನಂದೂ ಅದೇ ಮೇಡಂ," ಅಂದ ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಗಂಗುಲಪ್ಪ.

"ನಿಂದೇನಮ್ಮ?" ಅಂದ್ರು ಕಮಲಮ್ಮ, ನನ್ನ ಕಡೆ ತಿರುಗಿ.

"ಜೂನ್ ಒಂದು," ಅಂದೆ. ರೂಮೆಲ್ಲ ಗೊಳ್ಳಂತ ನಕ್ತು. ನಾನೂ ನಕ್ಕೆ, ನಗ್ತಾನೇ ಕೀಬೋರ್ಡ್ ಎಳ್ಕೊಂಡೆ. ರಾಮಾಂಜಿನಪ್ಪನವರು ಕೈ ಮುಗಿದು, "ಮಾಡಮ್ಮ, ಮಾಡು," ಅಂದ್ರು.

ಸಾಲು ಸೇರಿಸಿದೆ. ಆತುರದಲ್ಲಿ ಸಾಲಿನ ಕೊನೇ ಚುಕ್ಕೆ ಬಿಟ್ಟುಹೋಯ್ತು, ಮೆಷಿನ್ ಒಪ್ಪಲಿಲ್ಲ. ಹಿಂದೆ ನಿಂತಿದ್ದ ಪುಟ್ಟಸ್ವಾಮಯ್ಯ, "ಚುಕ್ಕೆ, ಚುಕ್ಕೆ!" ಅಂತ ಕೂಗಿದ್ರು. ಹಾಕಿದೆ, ಒಪ್ತು. ಓಡಿಸಿದೆ. ಪರದೆ ಮೇಲೆ ಹಸಿರು ಚೌಕ ಮಿನುಗ್ತಾ ಕೂತ್ಕೊಂಡ್ತು. ಆಮೇಲೆ ಪ್ರಿಂಟರ್ ಗರ್ರ್ ಅಂತ ಎದ್ದು ಪೇಪರ್ ಉಗುಳೋಕೆ ಶುರು ಮಾಡ್ತು. ಹುಡುಗೀರು ಅದರ ಮೇಲೇ ಬಗ್ಗಿದ್ರು.

"ಮಂಗಮ್ಮ ಕೆ.! ನಾನು!" ಅಂದ್ಲು ದೊಡ್ಡಮಂಗಿ. ಮತ್ತೆ ನಾಲ್ಕಾರು ಹೆಸರು ಕಳೀತು. "ಮಂಗಮ್ಮ ಕೆ.! ಇದು ನೀನು ಕಣೇ! ನೀನೇ ಕಣೇ!"

ಚಿಕ್ಕಮಂಗಿ ಕಿರುಚಲಿಲ್ಲ. ಪೇಪರ್ ಇನ್ನೂ ಬರ್ತಿರೋವಾಗಲೇ ತನ್ನ ಹೆಸರಿನ ಮೇಲೆ ಅಂಗೈ ಇಟ್ಕೊಂಡು ನಿಂತ್ಕೊಂಡ್ಲು. "ಇದೀನಿ," ಅಂದ್ಲು. ಅಷ್ಟೇ. ಆಮೇಲೆ ಇಬ್ಬರೂ ಕೈ ಕೈ ಹಿಡ್ಕೊಂಡು ಗಿರ್ರನೆ ತಿರುಗಿದ್ರು. ಗಂಗುಲಪ್ಪ ಕಾಫಿ ತಂದ. ನಾಲ್ಕಕ್ಕೆ ಸರಿಯಾಗಿ ಪಟ್ಟಿ ಹೋಯ್ತು. ನನ್ನ ಹೊಟ್ಟೆಗೆ ಹಾಲು ಹುಯ್ದಂಗಾಯ್ತು.

ಎಲ್ಲ ಹೊರಟರು. ಕಮಲಮ್ಮ ಮಾತ್ರ ಬಾಗಿಲ ಹತ್ರ ನಿಂತು ಕೇಳಿದ್ರು, "ಅಲ್ಲಮ್ಮ, ನೀನು ಮಕ್ಕಳಿಗೋಸ್ಕರ ಇಷ್ಟು ಓಡಾಡ್ತೀಯ, ಚೂಟಿ ಇದೀಯ. ಟೀಚರ್ ಯಾಕಾಗಲಿಲ್ಲ?"

"ಅರ್ಜಿ ಹಾಕಿದ್ದೆ ಅಮ್ಮ. ಸಿಗಲಿಲ್ಲ. ನಮ್ಮ ದೊಡ್ಡಪ್ಪ ಮುನಿಯಪ್ಪನವರ ಮಗಳಿಗೆ ಸಿಕ್ತು, ಅವಳ ಹೆಸರೂ ವರಲ..."

ಥಟ್ಟನೆ ಟರ್ಮಿನಲ್ ಕಡೆ ತಿರುಗಿದೆ.

ನಮ್ಮಜ್ಜಿ ಹೆಸರು ವರಲಕ್ಷ್ಮಮ್ಮ. ದೊಡ್ಡಪ್ಪನ ಮಗಳು ದೊಡ್ಡ ವರಲಕ್ಷ್ಮಿ, ನಾನು ಚಿಕ್ಕ ವರಲಕ್ಷ್ಮಿ. ದೊಡ್ಡಪ್ಪ ಮುನಿಯಪ್ಪ, ನಮ್ಮಪ್ಪ ಮುನಿನಾರಾಯಣಪ್ಪ. ಒಂದೇ ಊರು, ಒಂದೇ ಶಾಲೆ, ಒಂದೇ ಕ್ಲಾಸು. ಒಂದೇ ಜೂನ್ ಒಂದು.

ಫೋನ್ ಎತ್ತಿ ಬೆಂಗಳೂರಿನ ಬೀರೇಶ್‌ಗೆ ಕೂಗಿದೆ. "ಬೀರೇಶಾ, ತೊಂಬತ್ತೈದರ ಅರ್ಜಿ ಟೇಪ್ ಇದೆಯಾ?"

"ಇದೆ ಮೇಡಂ. ಧೂಳು ಹಿಡಿದಿದೆ. ನಾನಿನ್ನೇನು ಮನೆಗೆ..."

"ಹಾಕಪ್ಪ! ನಿನ್ನ ದಮ್ಮಯ್ಯ, ಹಾಕು!"

ಕಮಲಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ರು. ಹೊಸ ಸಾಲಿನ ಪ್ರೋಗ್ರಾಮನ್ನ ಹಳೇ ಟೇಪ್ ಮೇಲೆ ಓಡಿಸಿದೆ. ಪ್ರಿಂಟರ್ ಎದ್ದು ಗರ್ರ್ ಅಂತು. ಬರ್ತಾ ಇತ್ತು, ಬರ್ತಾ ಇತ್ತು. ಬಂತು. ವರಲಕ್ಷ್ಮಿ ಎಂ., ಜಂಗಮಕೋಟೆ. ಇನ್ನೊಂದು ವರಲಕ್ಷ್ಮಿ ಎಂ., ಜಂಗಮಕೋಟೆ. ಎರಡಕ್ಕೂ ಸೀಟು. ನನ್ನ ನಂಬರಿಗೆ ಅವಳಿಗಿಂತ ಏಳು ಮಾರ್ಕ್ಸ್ ಜಾಸ್ತಿ.

ಎಂಥಾ ಸಿಟ್ಟು ಬಂತು ಅಂದ್ರೆ ಟರ್ಮಿನಲ್ ತಲೆ ಮೇಲೆ ಒಂದು ಕೊಟ್ಟೆ. ಇಷ್ಟು ವರ್ಷ ನಾನು ಮುದ್ದಾಗಿ ಮೇಯಿಸ್ಕೊಂಡು ಬಂದ ಪ್ರಾಣಿ ಮೊದಲು ನುಂಗಿದ್ದು ನನ್ನನ್ನೇ! ಆಮೇಲೆ ಇದ್ದಕ್ಕಿದ್ದಂಗೆ ಅಳುನೂ ಬಂತು, ನಗುನೂ ಬಂತು. ನಾನು ದಡ್ಡಿ ಅಲ್ಲ. ಯಾವತ್ತೂ ಆಗಿರಲಿಲ್ಲ. ಮನೆಗೆ ಫೋನ್ ಹಚ್ಚಿದೆ. ಅಪ್ಪ ರೇಷ್ಮೆ ಹುಳದ ಮನೇಲಿದ್ರು, ಜಗನ್ ಕರೆದು ಕೊಟ್ಟ.

"ಅಪ್ಪಾ! ನನಗೆ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿದೆ!"

"ಏನಮ್ಮ ಹಂಗಂದ್ರೆ? ಈಗಾ? ಈಗ ಹೋಗ್ಬೇಕಾ?"

"ಈಗಲ್ಲಪ್ಪ. ಅವತ್ತೇ. ತೊಂಬತ್ತೈದರಲ್ಲೇ ಸಿಕ್ಕಿತ್ತು. ಅಕ್ಕ ನಾನು ಇಬ್ಬರೂ ಒಬ್ಬಳೇ ಅಂತ ಮೆಷಿನ್ ತಿಳ್ಕೊಂಡಿತ್ತು. ನನಗೆ ಅವಳಿಗಿಂತ ಜಾಸ್ತಿ ಬಂದಿತ್ತಪ್ಪ!"

ಆ ಕಡೆ ಮೂಗು ಏರಿಸಿದ ಸದ್ದು ಕೇಳಿಸ್ತು.

"ಹಂಗಾದ್ರೆ," ಅಂದ್ರು ಅಪ್ಪ, "ನಿಮ್ಮ ದೊಡ್ಡಪ್ಪನ್ನ ಆ ಜಹಾಂಗೀರು ವಾಪಸ್ ಕೇಳ್ಬೇಕಲ್ಲಮ್ಮ."